ಬಣ್ಣದ ಲೆಕ್ಕ ಅಮೆಜಾನಿನಲ್ಲಿ ನಡೆಯುವುದಿಲ್ಲ

'ಹಾವಿನ ಮೈಮೇಲೆ ಕೆಂಪು ಪಟ್ಟಿಗೆ ಹಳದಿ ತಾಗಿದರೆ ವಿಷ, ಕಪ್ಪು ತಾಗಿದರೆ ಭಯವಿಲ್ಲ' ಅನ್ನೋ ಲೆಕ್ಕವನ್ನು ಅಮೆಜಾನ್ ಕಾಡಿನಲ್ಲಿ ನಂಬಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನಂಬಬೇಡಿ. ಅದು ಅಮೆರಿಕದ, ಅಂದರೆ ಯುಎಸ್‌ಎಯ ಹವಳದ ಹಾವುಗಳನ್ನು (ಬಣ್ಣದ ಪಟ್ಟಿಗಳಿರುವ ವಿಷದ ಹಾವುಗಳು) ನೋಡಿ ಕಟ್ಟಿದ ಮಾತು. ಅಮೆಜಾನಿನ ಮೈಕ್ರೂರಸ್ ಲೆಮ್ನಿಸ್ಕೇಟಸ್ ಅನ್ನೋ ಹವಳದ ಹಾವಿಗೆ ಎರಡು ಕೆಂಪು ಪಟ್ಟಿಗಳ ನಡುವೆ ಮೂರು ಕಪ್ಪು ಪಟ್ಟಿ ಇರುತ್ತವೆ, ಹಾಗಾಗಿ ಕೆಂಪಿಗೆ ತಾಗುವುದು ಕಪ್ಪೇ, ಆದರೂ ಅದು ಪಕ್ಕಾ ವಿಷದ ಹಾವು. ನಮ್ಮ ನಾಗರ, ಕಟ್ಟುಹಾವುಗಳ ಕುಟುಂಬದ್ದೇ ಅಲ್ವಾ, ವಿಷ ನರಗಳಿಗೆ ಹೊಡೆಯುತ್ತದೆ. ಕಚ್ಚಿದ ಕಡೆ ಊತ ಜಾಸ್ತಿ ಕಾಣದೆ, ಎಷ್ಟೋ ಗಂಟೆ ಕಳೆದ ಮೇಲೆ ರೆಪ್ಪೆ ಜೋತುಬಿದ್ದು ಉಸಿರು ಕಟ್ಟಬಹುದು. ಸುಮ್ನೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇದಕ್ಕೆ ಬೇರೆಯದೇ ಪ್ರತಿವಿಷ ಬೇಕು, ಬ್ರೆಜಿಲ್‌ನಲ್ಲಿ ಸಾವೊ ಪಾಲೊದ ಬುಟಾಂಟಾನ್ ಸಂಸ್ಥೆ ಅದನ್ನು ತಯಾರಿಸುತ್ತದೆ.