ಮೆರವಣಿಗೆಯಲ್ಲಿ ಕುಣಿದರೆ ತಪ್ಪೇ?

ಪ್ರಶ್ನೆ: ಅಕ್ಕಾರ, ನಂದು ಜಮಖಂಡಿ ಹತ್ತಿರ ಊರು, ಬೆಳಗಾವಿಯೊಳಗ ನೌಕರಿ. ವಯಸ್ಸು 26. ನಾ ಗೇ ಅನ್ನೂದು ಇಬ್ಬರು ಗೆಳ್ಯಾರಿಗೆ ಅಷ್ಟ ಗೊತ್ತು. ನವೆಂಬರದಾಗ ನಮ್ಮಂಥಾ ಮಂದಿ ಹಕ್ಕಿಗಾಗಿ ಬೆಂಗಳೂರಿನಾಗ ನಡಸೂ ಪ್ರೈಡ್ ಮೆರವಣಿಗಿಗೆ ಮೂವರೂ ಹೊಂಟೇವಿ. ಒಬ್ಬಾಂವ ‘ಮನಸಾರೆ ಕುಣಿದು ಬರೂಣು’ ಅಂತಾನ. ಇನ್ನೊಬ್ಬಾಂವ ‘ಅದು ಹೋರಾಟ, ಜಾತ್ರಿ ಅಲ್ಲ, ಕುಣಿಯಾಕ ಬರೂದಿದ್ರ ಬರಬ್ಯಾಡ್ರಿ’ ಅಂತ ಸಿಟ್ಟಾಗ್ಯಾನ. ನನಗ ಕುಣೀಬೇಕು ಅನಸ್ತೈತಿ. ಫೋಟೋ ಊರು ಮುಟ್ಟೀತು ಅಂತ ಅಂಜಿಕಿನೂ ಐತಿ. ಮನ್ಯಾಗ ಕನ್ಯಾ ನೋಡಾಕತ್ತಾರ. ಅಕ್ಕಗ ಸ್ವಲ್ಪ ಸಂಶೇ ಬಂದಂಗೈತಿ. ಏನ್ ಮಾಡ್ಲಿ?

ಉತ್ತರ: ತಮ್ಮಾ, ಕುಣಿ. ಅದರಲ್ಲಿ ತಪ್ಪಿಲ್ಲ.

ಕುಣಿತಕ್ಕೂ ಹೋರಾಟಕ್ಕೂ ಸಂಬಂಧವಿಲ್ಲ ಎನ್ನುವ ನಿನ್ನ ಗೆಳೆಯನನ್ನು ಒಮ್ಮೆ ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯಿ. ಚೌಡಿಕೆ ನುಡಿಸುತ್ತ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ, ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣುಡುಗೆ ಉಟ್ಟ ಜೋಗಪ್ಪಗಳಲ್ಲಿ ಮನೆಯವರು ಹೊರಹಾಕಿದವರೂ ಇದ್ದಾರೆ. ಊರ ನಡುವೆ ತಲೆಯೆತ್ತಿ ನಿಲ್ಲಲು ಅವರಿಗೆ ಜಾಗ ಕೊಟ್ಟದ್ದು ಆ ಕುಣಿತ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀಯವರೆಗೆ ನಡೆದದ್ದೂ ಅದೇ ದಾರಿಯಲ್ಲಿ. ಅವರ ಬದುಕು ಬೇರೆ, ನಿನ್ನದು ಬೇರೆ, ನಿಜ. ಆದರೂ ಮೈಯನ್ನು ಮುದುಡಿಕೊಂಡೇ ಬೆಳೆದವನು ನಡುಬೀದಿಯಲ್ಲಿ ಕೈ ಬೀಸಿ ಕುಣಿದರೆ ಅದು ಬರೀ ಮೋಜು ಎಂದು ನಾನು ಒಪ್ಪುವುದಿಲ್ಲ.

ಗೆಳೆಯನ ಸಿಟ್ಟಿಗೂ ಕಾರಣವಿದೆ. 1969ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಗೇ ಜನ ಸೇರುತ್ತಿದ್ದ ಸ್ಟೋನ್‌ವಾಲ್ ಬಾರಿಗೆ ಪೊಲೀಸರು ನುಗ್ಗಿದಾಗ ಜನ ತಿರುಗಿಬಿದ್ದರು. ಮರುವರ್ಷ ಅದೇ ದಿನ ಅಲ್ಲಿ ಮೊದಲ ಮೆರವಣಿಗೆ ಹೊರಟಿತು. ನಮ್ಮಲ್ಲಿ 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ನಡೆದವರು ಹದಿನೈದೇ ಜನ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದಾಗ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನಡಿ ನೀನೂ ನಾಳೆ ಅಪರಾಧಿಯಾಗಬಹುದಿತ್ತು. ಸುಪ್ರೀಂ ಕೋರ್ಟ್ ಆ ಭಯ ತೆಗೆದದ್ದು 2018ರ ಸೆಪ್ಟೆಂಬರ್ 6ರಂದು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು, ಸಲಿಂಗಿಗಳಿಗೆ ಮದುವೆಯ ಹಕ್ಕು ಕೊಡುವುದು ತನ್ನ ಕೈಯಲ್ಲಿಲ್ಲ ಎಂದಿತು. ಹಾಗಾಗಿ ಹಕ್ಕು ಕೇಳುವುದು ಇನ್ನೂ ಬಾಕಿ ಇದೆ. ಕುಣಿದು ದಣಿದ ಮೇಲೆ, ಭಾಷಣ ಶುರುವಾಗುವ ಹೊತ್ತಿಗೆ ಊಟದ ನೆಪದಲ್ಲಿ ಜಾರಬೇಡ. ಕೂತು ಕೇಳು.

ಫೋಟೋ ವಿಷಯ. ಬೀದಿಯಲ್ಲಿ ಕ್ಯಾಮೆರಾ ತಪ್ಪಿಸುವುದು ಕಷ್ಟ. ಮುಖವಾಡ ಹಾಕಿಕೋ, ನಾಚಬೇಡ. ಮೊದಮೊದಲು ನಡೆದವರಲ್ಲೂ ಅನೇಕರು ಮುಖ ಮುಚ್ಚಿಕೊಂಡೇ ನಡೆದರು. ಬೇರೆಯವರ ಫೋಟೋ ಕೇಳದೆ ಎಲ್ಲೂ ಹಾಕಬೇಡ.

ನಿನ್ನ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ಮಾತು. ಕನ್ಯಾ ನೋಡುತ್ತಿದ್ದಾರೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ಅಲ್ಲಿ ನಿಲ್ಲು. ಯಾವುದೋ ಮನೆಯ ಹುಡುಗಿ ಉಪ್ಪಿಟ್ಟು, ಚಹಾ ತಂದಿಟ್ಟು ನಿನ್ನ ಮುಂದೆ ತಲೆ ತಗ್ಗಿಸಿ ಕೂರುತ್ತಾಳೆ. ಏನೂ ಅರಿಯದ ಅವಳನ್ನು ಮದುವೆಯಾದರೆ ನೀನು ಅಂಜಿದ್ದಕ್ಕೆ ಅವಳು ಜೀವನಪೂರ್ತಿ ದಂಡ ತೆರಬೇಕು. ಇಂಥ ಮದುವೆಯೊಳಗೆ ಬೆಂದ ಹೆಣ್ಣುಮಕ್ಕಳ ಪತ್ರಗಳೂ ನನಗೆ ಬರುತ್ತವೆ. ಬೆಂಗಳೂರಿಗೆ ಹೋಗದಿದ್ದರೂ ನಡೆದೀತು, ಈ ಮದುವೆಗೆ ಮಾತ್ರ ಒಪ್ಪಬೇಡ.

ಗೇ ಎಂದು ಮನೆಯಲ್ಲಿ ಇವತ್ತೇ ಹೇಳು ಅನ್ನುತ್ತಿಲ್ಲ. ಯಾವಾಗ ಹೇಳಬೇಕೆಂದು ತೀರ್ಮಾನಿಸುವವನು ನೀನು, ಗೆಳೆಯರಲ್ಲ. ‘ಈಗ ಲಗ್ನ ಬ್ಯಾಡ’ ಎಂದು ಹೇಳಲು ಪೂರ್ತಿ ಸತ್ಯ ಬೇಕಿಲ್ಲ. ಕನ್ಯಾ ನೋಡಲು ಹೊರಡುವ ಮೊದಲೇ ಹೇಳು. ಡಾಕ್ಟರಿಂದ ಸರಿಮಾಡಿಸೋಣ ಎಂದು ಯಾರಾದರೂ ಮುಂದೆ ಅಂದರೆ ಗಟ್ಟಿಯಾಗಿ ನಿಲ್ಲು. ಇದು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ರಾತ್ರಿ ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಉಚಿತವಾಗಿ ಫೋನ್ ಮಾಡಬಹುದು.

ಸಂಶಯ ಬಂದರೂ ಸುಮ್ಮನಿರುವ ಅಕ್ಕ ನಿನ್ನ ಪರವಾಗಿ ನಿಲ್ಲಬಹುದು ಅನಿಸುತ್ತದೆ. ಒಬ್ಬಳೇ ಸಿಕ್ಕಾಗ ಅವಳೊಂದಿಗೆ ಮಾತು ತೆಗೆ. ಮನೆಯಲ್ಲಿ ಗಲಾಟೆಯಾದರೂ ಕೈತಪ್ಪದಂತೆ, ಅದಕ್ಕೂ ಮೊದಲು ನಿನ್ನ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಊರಿನಲ್ಲಿದ್ದರೆ ಬೆಳಗಾವಿಯ ರೂಮಿಗೆ ತಂದಿಟ್ಟುಕೋ.