ಪ್ರಶ್ನೋತ್ತರ: ಮೂಗು, ಗಂಟಲು ಮತ್ತು ಉಸಿರಿನ ದಾರಿ

ಪ್ರಶ್ನೆ: ನೆಗಡಿಯಿಲ್ಲದಿದ್ದರೂ ನನ್ನ ಮೂಗಿನ ಒಂದು ಹೊಳ್ಳೆ ಸದಾ ಕಟ್ಟಿಕೊಂಡಂತಿರುತ್ತದೆ. ಬೆಳಿಗ್ಗೆ ಎಡಗಡೆ ಕಟ್ಟಿದ್ದರೆ ಮಧ್ಯಾಹ್ನದ ಹೊತ್ತಿಗೆ ಬಲಗಡೆ. ಮೂಗಿನ ಮೂಳೆ ವಕ್ರವಾಗಿದೆಯೇ? ದಿನವೂ ಮೂಗಿಗೆ ಹನಿ ಹಾಕಿಕೊಳ್ಳಬಹುದೇ?

ಉತ್ತರ: ಕಟ್ಟುವ ಬದಿ ತಾನಾಗಿಯೇ ಬದಲಾಗುತ್ತಿರುವುದರಿಂದ ಮೂಳೆಯ ವಕ್ರತೆಯೇ ಇದಕ್ಕೆ ಕಾರಣವಿರಲಾರದು, ವಕ್ರತೆಯಿಂದಾಗುವ ತಡೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ನಿಲ್ಲುತ್ತದೆ. ಮೂಗಿನ ಒಳಗೋಡೆಯಿಂದ ಸುರುಳಿಯಂತೆ ಚಾಚಿಕೊಂಡ ಟರ್ಬಿನೇಟ್‌ಗಳೆಂಬ ರಚನೆಗಳು ಪ್ರತಿ ಬದಿಯಲ್ಲೂ ಸಾಮಾನ್ಯವಾಗಿ ಮೂರಿರುತ್ತವೆ. ಅವುಗಳಲ್ಲಿ ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಅದರ ಪೊರೆಯೊಳಗಿನ ರಕ್ತನಾಳಗಳು ತುಂಬಿಕೊಂಡಾಗ ದಾರಿ ಕಿರಿದಾಗುತ್ತದೆ, ಬರಿದಾದಾಗ ಅಗಲವಾಗುತ್ತದೆ. ನಮ್ಮ ಇಚ್ಛೆಗೆ ಒಳಪಡದ ನರಗಳು ಈ ಕೆಲಸವನ್ನು ಕೆಲವು ಗಂಟೆಗಳಿಗೊಮ್ಮೆ ಒಂದು ಬದಿಯಿಂದ ಇನ್ನೊಂದು ಬದಿಗೆ ವರ್ಗಾಯಿಸುತ್ತವೆ. ಇದನ್ನು ಜರ್ಮನಿಯ ವೈದ್ಯ ಕೈಸರ್ 1895ರಲ್ಲಿಯೇ ವಿವರಿಸಿದ್ದರು. ಎರಡೂ ಬದಿ ಸೇರಿದ ಒಟ್ಟು ಗಾಳಿಯ ಹರಿವು ಹೆಚ್ಚೇನೂ ಬದಲಾಗದ ಕಾರಣ ಬಹಳಷ್ಟು ಜನರಿಗೆ ಇದು ಅರಿವಿಗೇ ಬರುವುದಿಲ್ಲ. ಮಗ್ಗುಲಾಗಿ ಮಲಗಿದಾಗ ಕೆಳಬದಿಯ ಹೊಳ್ಳೆ ಕಟ್ಟುವುದೂ ಸಹಜವೇ.

ಈ ಇಕ್ಕಟ್ಟು ವ್ಯರ್ಥವಲ್ಲ. ಗಾಳಿ ತೇವವಾದ ಪೊರೆಗೆ ಒತ್ತಿಕೊಂಡು ಸಾಗುವುದರಿಂದಲೇ ಅದು ಗಂಟಲಿನ ಹಿಂಭಾಗವನ್ನು ಮುಟ್ಟುವಷ್ಟರಲ್ಲಿ ದೇಹದ ಬಿಸಿಗೆ ಹತ್ತಿರವಾಗಿ, ಸಾಕಷ್ಟು ತೇವವನ್ನೂ ಹೀರಿಕೊಂಡಿರುತ್ತದೆ. ದೂಳು ಲೋಳೆಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಆ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರುಗಳಂತೆ ಗಂಟಲಿನತ್ತ ತಳ್ಳುತ್ತವೆ, ನಾವು ಅದನ್ನು ಗೊತ್ತಿಲ್ಲದೆ ನುಂಗುತ್ತಿರುತ್ತೇವೆ.

ಹನಿಯ ವಿಷಯದಲ್ಲಿ ನನ್ನ ಸಲಹೆ ಕಟ್ಟುನಿಟ್ಟಾದದ್ದು: ದಿನವೂ ಬೇಡ. ರಕ್ತನಾಳಗಳನ್ನು ಕುಗ್ಗಿಸುವ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಔಷಧದ ಪ್ರಭಾವ ಇಳಿದೊಡನೆ ಊತ ಮರುಕಳಿಸಿ, ಹನಿಯಿಲ್ಲದೆ ಉಸಿರಾಡಲಾಗದ ಸ್ಥಿತಿ ಬರಬಹುದು. ಒಂದೇ ಬದಿ ಎಂದಿಗೂ ತೆರೆಯದಿದ್ದರೆ, ರಕ್ತ ಬಂದರೆ ಅಥವಾ ವಾಸನೆ ತಿಳಿಯದಾದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿರಿ.

ಪ್ರಶ್ನೆ: ಊಟ ಮಾಡುತ್ತಾ ಮಾತನಾಡಿದರೆ ನೆತ್ತಿಗೇರುವುದೇಕೆ?

ಉತ್ತರ: ಗಂಟಲು ಉಸಿರಿಗೂ ಆಹಾರಕ್ಕೂ ಸೇರಿದ ದಾರಿ. ನುಂಗುವಾಗ ಮೃದು ಅಂಗುಳ ಮೇಲೆದ್ದು ಮೂಗಿನ ಕಡೆಯ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಅದರ ಮೇಲೆ ಎಪಿಗ್ಲಾಟಿಸ್ ಎಂಬ ಮುಚ್ಚಳದಂಥ ಭಾಗ ಬಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆ ಕ್ಷಣ ಉಸಿರೂ ನಿಲ್ಲುತ್ತದೆ. ಮಾತಿಗಾದರೋ ಗಾಳಿ ಹರಿಯುತ್ತಲೇ ಇರಬೇಕು, ಮಾತಿನ ನಡುವೆ ಉಸಿರನ್ನು ಸರಕ್ಕನೆ ಎಳೆದುಕೊಳ್ಳಬೇಕು. ಆಗ ಬಾಯಿಯಲ್ಲಿರುವ ತುತ್ತಿನ ಚೂರು ತೆರೆದ ಧ್ವನಿಪೆಟ್ಟಿಗೆಯೊಳಗೆ ಇಳಿಯಬಹುದು, ಕೆಮ್ಮು ಅದನ್ನು ಹೊರಗೆ ದೂಡುತ್ತದೆ. ಜೋರಾಗಿ ಕೆಮ್ಮುತ್ತಿರುವವರನ್ನು ಕೆಮ್ಮಲು ಬಿಡಬೇಕು. ಕೆಮ್ಮಲೂ ಮಾತನಾಡಲೂ ಆಗದೆ ಒದ್ದಾಡುತ್ತಿದ್ದರೆ ಅದು ತುರ್ತು ಸ್ಥಿತಿ. ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಬಲವಾಗಿ ಗುದ್ದಬೇಕು, ಜೊತೆಗೆ ಒಬ್ಬರು ಕೂಡಲೇ ಆಂಬುಲೆನ್ಸ್ ಕರೆಸಬೇಕು.