ಅತ್ತೆಯ ಶುಗರ್ ಮಾತ್ರೆ ನಾಯಿಗೆ ಆಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಹೆಣ್ಣು ನಾಯಿಗೆ ಎಂಟು ವರ್ಷ. ಮರಿ ಆಗದ ಆಪರೇಷನ್ ಮಾಡಿಸಿಲ್ಲ. ಒಂದು ತಿಂಗಳಿಂದ ದನದ ಬಾನಿಗೂ ಬಾಯಿ ಹಾಕಿ ನೀರು ಕುಡಿಯುತ್ತಿದೆ. ಹಾಕಿದ್ದೆಲ್ಲ ತಿಂದರೂ ಪಕ್ಕೆಲುಬು ಕಾಣುತ್ತಿದೆ. ಅಂಗಳದಲ್ಲಿ ಅದು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತವೆ. ಅತ್ತೆಯವರ ಶುಗರ್ ಮಾತ್ರೆಯಲ್ಲೇ ಅರ್ಧ ಕೊಡಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ, ದಯವಿಟ್ಟು ಕೊಡಬೇಡಿ. ನೀವು ಇರುವೆ ಗಮನಿಸಿದ್ದು ಒಳ್ಳೆಯದಾಯಿತು, ಅದು ಸಕ್ಕರೆ ಕಾಯಿಲೆ ಇರಬಹುದು. ಆದರೆ ರಕ್ತ, ಉಚ್ಚೆ ಎರಡನ್ನೂ ಪರೀಕ್ಷೆ ಮಾಡಿಸಿಯೇ ಖಚಿತ ಮಾಡಿಕೊಳ್ಳಬೇಕು.

ಮಾತ್ರೆ ಯಾಕೆ ಬೇಡ ಅಂದರೆ, ಅತ್ತೆಯವರ ಮೈಯಲ್ಲಿ ಇನ್ಸುಲಿನ್ ಇನ್ನೂ ಸ್ವಲ್ಪ ತಯಾರಾಗುತ್ತಿರಬಹುದು, ಮಾತ್ರೆ ಅದಕ್ಕೆ ಒತ್ತಾಸೆ ಕೊಡುತ್ತದೆ. ನಾಯಿಗೆ ಈ ಕಾಯಿಲೆ ಬಂದಾಗ ಹೆಚ್ಚಿನಂಶ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳೇ ಹೋಗಿಬಿಟ್ಟಿರುತ್ತವೆ. ಒತ್ತಾಸೆ ಕೊಟ್ಟು ಏನು ಪ್ರಯೋಜನ? ಇನ್ಸುಲಿನ್ ಇಂಜೆಕ್ಷನ್ನೇ ಬೇಕು, ದಿನಕ್ಕೆ ಎರಡು ಸಲ, ಸುಮಾರು 12 ಗಂಟೆ ಅಂತರದಲ್ಲಿ, ಊಟ ಆದ ಮೇಲೆ, ಬದುಕಿರುವಷ್ಟು ದಿನ. ಹೆದರಬೇಡಿ. ಬೆನ್ನಿನ ಪಕ್ಕದ ಸಡಿಲ ಚರ್ಮ ಎತ್ತಿ ಹಿಡಿದು ಸಣ್ಣ ಸೂಜಿ ಚುಚ್ಚಿದರೆ ನಾಯಿಗೆ ಗೊತ್ತೂ ಆಗುವುದಿಲ್ಲ. ಅಂದಹಾಗೆ, 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ವಿಜ್ಞಾನಿಗಳು ಇನ್ಸುಲಿನ್ ಹುಡುಕುವಾಗ ಮೊದಲು ಪ್ರಯೋಗ ಮಾಡಿದ್ದು ನಾಯಿಗಳ ಮೇಲೇ. ಆ ಋಣ ನಮ್ಮ ಮೇಲಿದೆ ಅಲ್ವಾ?

ಸಿರಿಂಜ್ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ. ಒಂದು ಎಂ.ಎಲ್.ನಲ್ಲಿ ಎಷ್ಟು ಯೂನಿಟ್ ಇನ್ಸುಲಿನ್ ಇದೆ ಅಂತ ಬಾಟಲಿ ಮೇಲೆ ಬರೆದಿರುತ್ತದೆ; 40 ಅಂತ ಇದ್ದರೆ 40ರ ಸಿರಿಂಜ್, 100 ಅಂತ ಇದ್ದರೆ 100ರ ಸಿರಿಂಜ್. 100ರ ಔಷಧಿಯನ್ನು 40ರ ಸಿರಿಂಜಿನ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ, ನಾಯಿ ಪ್ರಾಣಕ್ಕೇ ಅಪಾಯ. ಇಂಜೆಕ್ಷನ್ ಆದ ಮೇಲೆ ಅದು ತೂರಾಡಿದರೆ, ನಡುಗಿದರೆ ತಡ ಮಾಡದೆ ವಸಡಿಗೆ ಜೇನುತುಪ್ಪ ಸವರಿ ಡಾಕ್ಟರಿಗೆ ಫೋನ್ ಮಾಡಿ. ಊಟ ಬಿಟ್ಟ ದಿನ ಡಾಕ್ಟರನ್ನು ಕೇಳದೆ ಚುಚ್ಚಬೇಡಿ. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಐಸ್ ಕಟ್ಟುವ ಜಾಗದಲ್ಲಿ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ ಆಶ್ಚರ್ಯ ಇಲ್ಲ, ಆಗ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಒಂದು ಡಬ್ಬಿಯಲ್ಲಿ ಇಟ್ಟರೆ ತಂಪಾಗಿರುತ್ತದೆ.

ಇನ್ನೊಂದು ಮುಖ್ಯ ಮಾತು. ಹೆಣ್ಣು ನಾಯಿ ಬೆದೆಗೆ ಬಂದು ಹೋದ ಮೇಲೆ ಕೆಲವು ವಾರ ಅದರ ಮೈಯ ಹಾರ್ಮೋನ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಎಷ್ಟು ಚುಚ್ಚಿದರೂ ಸಕ್ಕರೆ ಹಿಡಿತಕ್ಕೆ ಬರುವುದಿಲ್ಲ. ಅದಕ್ಕೇ ಸ್ವಲ್ಪ ಸುಧಾರಿಸಿದ ಕೂಡಲೇ ಆಪರೇಷನ್ ಮಾಡಿಸಿಬಿಡಿ. ಕಣ್ಣಿನ ಮೇಲೂ ಗಮನ ಇರಲಿ, ಈ ಕಾಯಿಲೆಯಲ್ಲಿ ನಾಯಿಗಳಿಗೆ ಪೊರೆ ಬೇಗ ಬರುತ್ತದೆ. ವಾಂತಿ ಮಾಡಿ, ಊಟ ಬಿಟ್ಟು ಮಂಕಾಗಿ ಮಲಗಿದರೆ ಮಾತ್ರ ಒಂದು ರಾತ್ರಿಯೂ ಕಾಯಬೇಡಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗಾದರೂ ಸರಿ, ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ದಪ್ಪ ಗಂಡು ಬೆಕ್ಕು ಈಗೀಗ ಹಿಂಗಾಲಿನ ಹಿಮ್ಮಡಿ ಊರಿಕೊಂಡು ನಡೆಯುತ್ತದೆ. ಪೆಟ್ಟು ಬಿದ್ದಿದೆಯಾ?
– ಸಾಗರದಿಂದ ಒಬ್ಬರು

ಉತ್ತರ: ಪೆಟ್ಟೇ ಇರಬೇಕು ಅಂತಿಲ್ಲ. ಸಕ್ಕರೆ ಜಾಸ್ತಿಯಾಗಿ ನರ ಸೋತರೂ ಬೆಕ್ಕು ಹೀಗೇ ನಡೆಯುತ್ತದೆ. ಆಸ್ಪತ್ರೆಯಲ್ಲಿ ಹೆದರಿಕೆಗೇ ಬೆಕ್ಕಿನ ಸಕ್ಕರೆ ಏರಿಬಿಡುತ್ತದೆ, ಹಾಗಾಗಿ ಒಂದೇ ಸಲದ ರಕ್ತಪರೀಕ್ಷೆ ನಂಬಬೇಡಿ, ಹಿಂದಿನ ಎರಡು ಮೂರು ವಾರದ ಸರಾಸರಿ ಸಕ್ಕರೆ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಕೇಳಿ. ಹಿಂದೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದ್ದರೆ ಅದನ್ನೂ ಹೇಳಿ. ಬೆಕ್ಕಿನ ವಿಷಯದಲ್ಲಿ ಸಮಾಧಾನ ಏನೆಂದರೆ, ಬೇಗ ಇನ್ಸುಲಿನ್ ಶುರು ಮಾಡಿ, ಹಾಲು-ಅನ್ನ ಬಿಡಿಸಿ ಮೀನು, ಕೋಳಿ ಜಾಸ್ತಿ ಇರುವ ಊಟಕ್ಕೆ ಹಾಕಿ, ಮೈ ನಿಧಾನಕ್ಕೆ ಇಳಿಸಿದರೆ ಎಷ್ಟೋ ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇಂಜೆಕ್ಷನ್ನೇ ಬೇಡವಾಗುತ್ತದೆ. ಆದರೆ ಉಪವಾಸ ಮಾತ್ರ ಕೆಡವಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತೇ ಕೆಡುತ್ತದೆ.